ಕೊಟ್ಟ ಮಾತಿನಂಥ ಎಸೆತ: ಬೇಸ್‌ಬಾಲ್ ಪಿಚರ್‌ನನ್ನು ನೋಡುವ ಬಗೆ

ಕಾಶಿಗೆ ಹೋದ ಕನ್ನಡಿಗರು ಹರಿಶ್ಚಂದ್ರ ಘಾಟಿನಲ್ಲಿ ಒಂದು ಗಳಿಗೆ ನಿಂತೇ ನಿಲ್ಲುತ್ತಾರೆ. ರಾಘವಾಂಕನ ಕಾವ್ಯದಿಂದ ರಾಜ್‌ಕುಮಾರ್ ಅವರ 1965ರ ಚಿತ್ರದವರೆಗೆ ಆ ಅರಸ ನಮ್ಮ ಮನೆಯವನೇ ಆಗಿದ್ದಾನೆ. ಪಕ್ಕದಲ್ಲೇ ಮೈಸೂರು ಸಂಸ್ಥಾನ ಕಟ್ಟಿಸಿದ ಕರ್ನಾಟಕ ಘಾಟ್ ಇದೆ. ಅಲ್ಲಿಯ ಮೆಟ್ಟಿಲ ಮೇಲೆ ಕೂತರೆ ಒಂದು ಕಡೆ ಚಿತೆಯ ಹೊಗೆ ಕಾಣುತ್ತದೆ, ಇನ್ನೊಂದು ಕಡೆ ಟೆನಿಸ್ ಚೆಂಡಿನಲ್ಲಿ ಕ್ರಿಕೆಟ್ ಆಡುವ ಹುಡುಗರು. ಅವರ ಕೈಗಳನ್ನು ನೋಡುತ್ತ ಕೂತಾಗಲೆಲ್ಲ ನನಗೆ ಇದೇ ಸೀಮೆಯ ಇನ್ನಿಬ್ಬರು ಹುಡುಗರ ಕೈಗಳು ನೆನಪಾಗುತ್ತವೆ.

ರಿಂಕು ಸಿಂಗ್ ಭದೋಹಿಯವರು. 1994ರವರೆಗೆ ಅದು ವಾರಾಣಸಿ ಜಿಲ್ಲೆಗೇ ಸೇರಿತ್ತು. ದಿನೇಶ್ ಪಟೇಲ್ ವಾರಾಣಸಿ ಹತ್ತಿರದ ಹಳ್ಳಿಯವರು. ಲಖನೌದ ಕ್ರೀಡಾ ಕಾಲೇಜಿನಲ್ಲಿ ಇಬ್ಬರೂ ಜಾವೆಲಿನ್ ಎಸೆಯುತ್ತಿದ್ದರು, ಬೇಸ್‌ಬಾಲ್ ಮುಟ್ಟಿದವರಲ್ಲ. 2008ರಲ್ಲಿ, ಬೇಸ್‌ಬಾಲ್ ಎಸೆಯಬಲ್ಲವರನ್ನು ಭಾರತದಲ್ಲಿ ಹುಡುಕಿದ 'ಮಿಲಿಯನ್ ಡಾಲರ್ ಆರ್ಮ್' ಸ್ಪರ್ಧೆಗೆ ಬಂದ ಸುಮಾರು 37 ಸಾವಿರ ಜನರಲ್ಲಿ ಇವರು ಮುಂದೆ ನಿಂತರು. ಕ್ಯಾಲಿಫೋರ್ನಿಯಾದಲ್ಲಿ ಕೋಚ್ ಟಾಮ್ ಹೌಸ್ ಅವರ ಕೈಕೆಳಗೆ ಕಲಿತು, ಅದೇ ನವೆಂಬರ್‌ನಲ್ಲಿ ಮೇಜರ್ ಲೀಗ್ ತಂಡ ಪಿಟ್ಸ್‌ಬರ್ಗ್ ಪೈರೇಟ್ಸ್ ಜತೆ ಒಪ್ಪಂದಕ್ಕೆ ಸಹಿ ಹಾಕಿದರು. 2009ರ ಜುಲೈ 4ರಂದು ಫ್ಲಾರಿಡಾದ ಗಲ್ಫ್ ಕೋಸ್ಟ್ ಲೀಗ್‌ನಲ್ಲಿ ಮೊದಲ ಬಾರಿ ಕಣಕ್ಕಿಳಿದರು.

ಇವರು ಕಲಿತದ್ದು ಪಿಚರ್‌ನ, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವವನ ಕೆಲಸ. ಅದನ್ನು ಸವಿಯಲು ನಿಯಮಪುಸ್ತಕ ಬೇಕಿಲ್ಲ. ಕಣ್ಣನ್ನು ಎಲ್ಲಿಡಬೇಕೆಂದು ತಿಳಿದರೆ ಸಾಕು.

ಮೊದಲು ಕಾಲು ನೋಡಿ

ನಮ್ಮ ಬೌಲರ್ ಓಡಿ ಬರುತ್ತಾನೆ. ಪಿಚರ್‌ಗೆ ಆ ಓಟವಿಲ್ಲ. ಹತ್ತು ಇಂಚು ಎತ್ತರದ ಮಣ್ಣಿನ ದಿಬ್ಬದ ಮೇಲೆ, ಬಿಳಿ ರಬ್ಬರ್ ಪಟ್ಟಿಗೆ ಒಂದು ಪಾದ ತಾಗಿಸಿ ನಿಲ್ಲುತ್ತಾನೆ. ಇನ್ನೊಂದು ಮಂಡಿಯನ್ನು ಎದೆಯತ್ತ ಎತ್ತಿ, ಮುಂದಕ್ಕೆ ದೊಡ್ಡ ಹೆಜ್ಜೆ ಇಡುತ್ತಾನೆ. ಬಲವೆಲ್ಲ ಪಾದದಿಂದ ಸೊಂಟಕ್ಕೆ, ಸೊಂಟದಿಂದ ಭುಜಕ್ಕೆ ಏರಿ, ಕೊನೆಗೆ ಬೆರಳ ತುದಿಗೆ ಬರುತ್ತದೆ. ಮೊಣಕೈ ಮಡಚಿ ಬಿಚ್ಚಲು ಇಲ್ಲಿ ಅಡ್ಡಿಯಿಲ್ಲ. ಓಡುತ್ತ ಬಂದು 800 ಗ್ರಾಂ ಜಾವೆಲಿನ್ ಎಸೆಯುತ್ತಿದ್ದವರು ನಿಂತಲ್ಲಿಂದಲೇ ಸುಮಾರು 145 ಗ್ರಾಂ ಚೆಂಡು ಎಸೆಯಲು ಕಲಿತರೆಂದರೆ, ದೇಹಕ್ಕೆ ಹೊಸ ಭಾಷೆಯನ್ನೇ ಕಲಿಸಿದಂತೆ.

ಆಮೇಲೆ ಗ್ಲವ್ ನೋಡಿ

ಟಿವಿ ಕ್ಯಾಮೆರಾ ಹೆಚ್ಚಾಗಿ ಪಿಚರ್‌ನ ಬೆನ್ನ ಹಿಂದಿರುತ್ತದೆ. ಆಗ ಚೆಂಡನ್ನು ಹಿಂಬಾಲಿಸಬೇಡಿ, ನಮ್ಮ ವಿಕೆಟ್‌ಕೀಪರ್‌ನಂತೆ ಬ್ಯಾಟರ್‌ನ ಹಿಂದೆ ಕೂರುವ ಕ್ಯಾಚರ್‌ನ ಗ್ಲವ್ ಮೇಲೆ ಕಣ್ಣಿಡಿ. ಹದಿನೆಂಟೂವರೆ ಮೀಟರ್ ಆಚೆ, ಬ್ಯಾಟರ್‌ನ ಪಕ್ಕ ನೆಲದಲ್ಲಿರುವ ಹದಿನೇಳು ಇಂಚು ಅಗಲದ ಪ್ಲೇಟಿನ ಒಂದು ಅಂಚಿಗೆ ಅವನು ಗ್ಲವ್ ಹಿಡಿಯುತ್ತಾನೆ. ಅಲ್ಲಿಗೇ ಎಸೆಯುತ್ತೇನೆಂದು ಪಿಚರ್ ಒಪ್ಪಿಕೊಂಡಿರುತ್ತಾನೆ. ಚೆಂಡು ನೆಲಕ್ಕೆ ಬಡಿಯದೆ ಬರುವುದರಿಂದ ಪಿಚ್‌ನ ನೆರವಿಲ್ಲ, ನೆಪವೂ ಇಲ್ಲ. ಗ್ಲವ್ ಕದಲದೆ ಚೆಂಡು ಬಂದು ಕೂತರೆ ಆಡಿದ ಮಾತು ಉಳಿಯಿತು. ಗ್ಲವ್ ಅತ್ತಿತ್ತ ಜಿಗಿದರೆ, ಪಿಚರ್‌ನ ಲೆಕ್ಕಕ್ಕೆ ಸ್ಟ್ರೈಕ್ ಸಿಕ್ಕರೂ ಎಸೆತ ತಪ್ಪಿದೆ. ಸತ್ಯಸಂಧ ಹರಿಶ್ಚಂದ್ರನ ಘಾಟಿನ ಪಕ್ಕ ಕೂತವನಿಗೆ ಈ ಆಟ ಹಿಡಿಸಿದ್ದೇ ಇದಕ್ಕೆ.

ವೇಗಕ್ಕೆ ಮರುಳಾಗಬೇಡಿ

ಸ್ಪರ್ಧೆ ಗೆದ್ದಾಗ ಎಡಗೈಯ ರಿಂಕು ಎಸೆದದ್ದು ಗಂಟೆಗೆ 87 ಮೈಲಿ, ಅಂದರೆ 140 ಕಿ.ಮೀ. ಬಾಗಿಲು ತೆಗೆಸಲು ಅಷ್ಟು ಸಾಕಾಯಿತು. ಒಳಗೆ ಉಳಿಯಲು ಬೇರೆ ವಿದ್ಯೆ ಬೇಕು. ವೆಂಕಟೇಶ್ ಪ್ರಸಾದ್ ಅವರ ನಿಧಾನದ ಎಸೆತ ನೆನಪಿಸಿಕೊಳ್ಳಿ: ಅದೇ ಓಟ, ಅದೇ ತೋಳು, ಚೆಂಡು ಮಾತ್ರ ತಡವಾಗಿ ಬರುತ್ತಿತ್ತು. ಬೇಸ್‌ಬಾಲ್‌ನ 'ಚೇಂಜಪ್' ಕೂಡ ಹಾಗೆಯೇ. ಚೆಂಡನ್ನು ಅಂಗೈಯೊಳಗೆ ಒತ್ತಿ ಹಿಡಿದು, ತೋಳನ್ನು ಪೂರ್ತಿ ವೇಗದಲ್ಲೇ ಬೀಸುತ್ತಾರೆ. ಬ್ಯಾಟರ್‌ಗೆ ಸಿಗುವುದು ಅರ್ಧ ಸೆಕೆಂಡಿಗೂ ಕಡಿಮೆ, ಅಷ್ಟರಲ್ಲಿ ಅವನು ನಂಬುವುದು ತೋಳನ್ನೇ. ಹಾಗಾಗಿ ಎರಡು ಎಸೆತಗಳ ನಡುವೆ ತೋಳು ಬದಲಾಯಿತೇ ಎಂದು ನೋಡುತ್ತಿರಿ. ಬದಲಾಗದಿದ್ದರೆ ನೀವು ಒಳ್ಳೆಯ ಪಿಚರ್‌ನ ಮುಂದೆ ಕೂತಿದ್ದೀರಿ.

ಕೊನೆಗೆ ಏಣಿ ನೋಡಿ

ಮೈನರ್ ಲೀಗ್ ಒಂದು ಏಣಿ. ತಳದಲ್ಲಿ ರೂಕಿ ಲೀಗ್, ಮೇಲೆ ಸಿಂಗಲ್-ಎ, ಡಬಲ್-ಎ, ಟ್ರಿಪಲ್-ಎ, ತುದಿಯಲ್ಲಿ ಮೇಜರ್ ಲೀಗ್. ತಳದ ಮೆಟ್ಟಿಲುಗಳಲ್ಲಿ ತಂಡದ ಗೆಲುವಿಗಿಂತ ಆಟಗಾರ ಪಳಗುವುದೇ ಮುಖ್ಯ. ಎರಡು ವರ್ಷದಲ್ಲಿ, 2010ರ ಕೊನೆಗೆ, ದಿನೇಶ್ ಅವರನ್ನು ತಂಡ ಕೈಬಿಟ್ಟಿತು. ರಿಂಕು ಸ್ಟೇಟ್ ಕಾಲೇಜ್, ವೆಸ್ಟ್ ವರ್ಜೀನಿಯಾ ತಂಡಗಳಲ್ಲಿ ಆಡುತ್ತ ಒಂದೊಂದೇ ಮೆಟ್ಟಿಲು ಹತ್ತಿ ಸಿಂಗಲ್-ಎ ತಲುಪಿದರು. ಹೆಚ್ಚಾಗಿ ಪಂದ್ಯದ ನಡುವೆ ಬಂದು ಆಟ ಹಿಡಿದು ನಿಲ್ಲಿಸುವ ಕೆಲಸ ಅವರದು. 2013ರಲ್ಲಿ ಮೊಣಕೈಗೆ ಟಾಮಿ ಜಾನ್ ಶಸ್ತ್ರಚಿಕಿತ್ಸೆ ಆಯಿತು. ಹರಿದ ಅಸ್ಥಿರಜ್ಜುವಿನ ಜಾಗಕ್ಕೆ ದೇಹದ ಬೇರೆ ಕಡೆಯ ಸ್ನಾಯುರಜ್ಜು ಕಸಿ ಮಾಡುವ ವಿಧಾನ ಅದು, 1974ರಲ್ಲಿ ಶುರುವಾದದ್ದು. ಚೇತರಿಕೆಗೇ ವರ್ಷ ಹಿಡಿಯುತ್ತದೆ. ಅವರ ಆಟ ಮತ್ತೆ ಹಳಿಗೆ ಬರಲಿಲ್ಲ. 2018ರಲ್ಲಿ ಅವರು ಡಬ್ಲ್ಯೂಡಬ್ಲ್ಯೂಇ ಕುಸ್ತಿಗೆ ಹೋದರು.

ಏಣಿಯ ತುದಿ ಮುಟ್ಟದ್ದರಿಂದ ಇದನ್ನು ಸೋಲಿನ ಕಥೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಪಿಚರ್‌ನ ಬೆಲೆ ಇರುವುದು ಅವನು ನಿಂತ ಮೆಟ್ಟಿಲಿನಲ್ಲಲ್ಲ, ಎಸೆದ ಚೆಂಡಿನಲ್ಲಿ. ಇಪ್ಪತ್ತರ ಹರೆಯದಲ್ಲಿ, ಗೊತ್ತಿಲ್ಲದ ಆಟವನ್ನು ಗೊತ್ತಿಲ್ಲದ ಭಾಷೆಯಲ್ಲಿ ಕಲಿತು, ವರ್ಷಗಟ್ಟಲೆ ಬೇರೆಯವನ ಗ್ಲವ್‌ಗೆ ಚೆಂಡು ಮುಟ್ಟಿಸುವುದು ಸಣ್ಣ ಸಾಧನೆಯಲ್ಲ.

ಮುಂದಿನ ಸಲ ಬೇಸ್‌ಬಾಲ್ ನೋಡುವಾಗ ಸ್ಕೋರ್ ಮರೆತುಬಿಡಿ. ಒಬ್ಬ ಪಿಚರ್‌ನನ್ನು ಆರಿಸಿಕೊಂಡು, ಒಂದು ಇನ್ನಿಂಗ್ಸ್ ಪೂರ್ತಿ, ಗ್ಲವ್ ಕದಲದೆ ನಿಂತ ಎಸೆತಗಳನ್ನಷ್ಟೇ ಬೆರಳು ಮಡಿಸುತ್ತ ಎಣಿಸಿ.