ಹೊಸೊನೊ ಕಟ್ಟಿದ ಊರುಗಳು

ಜಪಾನಿನ ಯೆಲ್ಲೋ ಮ್ಯಾಜಿಕ್ ಆರ್ಕೆಸ್ಟ್ರಾ ತಂಡದ ಮೂವರಲ್ಲಿ ಹೊರಜಗತ್ತಿಗೆ ಹೆಚ್ಚು ಗೊತ್ತಿರುವವರು ರ್ಯುಇಚಿ ಸಕಮೊಟೊ. ‘ದಿ ಲಾಸ್ಟ್ ಎಂಪರರ್’ ಸಂಗೀತಕ್ಕೆ ಆಸ್ಕರ್ ಬಂದಮೇಲಂತೂ ಉಳಿದಿಬ್ಬರು ಅವರ ಪಕ್ಕವಾದ್ಯದವರೇನೋ ಎನ್ನುವಂತಾಯಿತು. ಆದರೆ 1978ರಲ್ಲಿ ಸಕಮೊಟೊ ಮತ್ತು ಯುಕಿಹಿರೊ ತಕಹಾಶಿಯನ್ನು ಮನೆಗೆ ಕರೆಸಿ, ಅಮೆರಿಕದ ಮಾರ್ಟಿನ್ ಡೆನ್ನಿಯ ‘ಫೈರ್‌ಕ್ರ್ಯಾಕರ್’ ಅನ್ನು ಸಿಂಥಸೈಜರ್‌ನಲ್ಲಿ ನುಡಿಸೋಣ ಎಂದವರು ಹರುವೋಮಿ ಹೊಸೊನೊ.

ಡೆನ್ನಿಯ ಪಂಥಕ್ಕೆ ಎಕ್ಸಾಟಿಕಾ ಎಂದು ಹೆಸರು. 1950ರ ದಶಕದ ಅಮೆರಿಕನ್ ಮನೆಗಳಿಗೆ ಏಷ್ಯಾವನ್ನೂ ಪೆಸಿಫಿಕ್ ದ್ವೀಪಗಳನ್ನೂ ಹಕ್ಕಿಯ ಕೂಗು ಬೆರೆಸಿ ಬಡಿಸಿದ ಸಂಗೀತ ಅದು. ಅದರೊಳಗಿನ ಪೂರ್ವದೇಶ ಯಾವ ಭೂಪಟದಲ್ಲೂ ಇಲ್ಲ. ಆ ಸುಳ್ಳು ಏಷ್ಯಾವನ್ನು ಏಷ್ಯಾದವರೇ ಯಂತ್ರಕ್ಕೆ ಹಾಕಿ ಅಮೆರಿಕಕ್ಕೆ ತಿರುಗಿ ಮಾರಿದ್ದು ಹೊಸೊನೊ ಅವರ ಕುಚೋದ್ಯ. ತಂಡಕ್ಕೆ ಹೆಸರು ಬಂದಷ್ಟೂ ಆ ಕುಚೋದ್ಯ ಬರೀ ಫ್ಯಾಷನ್ನಾಯಿತು. ಅದರ ನಿಜವಾದ ಬೆಳೆ ಬಂದದ್ದು ತಂಡದ ಆಚೆಗೆ.

ಈ ಕುಚೋದ್ಯದ ಬೇರು ಇನ್ನೂ ಹಿಂದಿನದು. 1973ರ ‘ಹೊಸೊನೊ ಹೌಸ್’ ಆಲ್ಬಂ ಧ್ವನಿಮುದ್ರಣವಾದದ್ದು ಸೈತಾಮಾದ ಸಯಾಮದಲ್ಲಿ, ಅಮೆರಿಕನ್ ಸೈನಿಕ ಕುಟುಂಬಗಳಿಗೆಂದು ಕಟ್ಟಿದ್ದ ಮನೆಯೊಂದರಲ್ಲಿ. ಜಪಾನಿನ ನೆಲ, ಅಮೆರಿಕದ ಸೂರು. ಅಂಥಲ್ಲಿ ಕೂತು ಹಳ್ಳಿಗಾಡಿನ ಅಮೆರಿಕನ್ ಧಾಟಿಯಲ್ಲಿ ಹಾಡಿದವನಿಗೆ ಯಾವುದು ಸ್ವಂತ, ಯಾವುದು ಎರವಲು ಎಂಬ ಪ್ರಶ್ನೆ ತಲೆನೋವಲ್ಲ, ಕಚ್ಚಾವಸ್ತು.

ನಮ್ಮ ಕಿವಿಗೆ ಹತ್ತಿರದ್ದು 1978ರ ‘ಕೊಚ್ಚಿನ್ ಮೂನ್’ ಆಲ್ಬಂ. ಚಿತ್ರಕಾರ ತದನೊರಿ ಯೊಕೂ ಜೊತೆ ಭಾರತಕ್ಕೆ ಬಂದು, ಹೊಟ್ಟೆ ಕೆಡಿಸಿಕೊಂಡು ಹೋದ ಹೊಸೊನೊ, ಎಂದೂ ತಯಾರಾಗದ ಹಿಂದಿ ಸಿನಿಮಾವೊಂದಕ್ಕೆ ಹಿನ್ನೆಲೆ ಸಂಗೀತ ಕೊಟ್ಟಂತಿದೆ ಇದು. ಒಂದು ಬದಿಯ ತುಂಬ ‘ಹೋಟೆಲ್ ಮಲಬಾರ್’: ನೆಲಮಹಡಿ, ಮೇಲ್ಮಹಡಿ, ತಾರಸಿ. ಇನ್ನೊಂದು ಬದಿಯ ಒಂದು ರಚನೆಗೆ ‘ಹೆಪಟೈಟಿಸ್’ ಎಂದೇ ಹೆಸರು. ಮತ್ತೊಂದರ ಹೆಸರಿನಲ್ಲಿ ಮದ್ರಾಸಿನ ಮೇಡಂ ಕಾನ್ಸುಲ್ ಜನರಲ್ ಇದ್ದಾರೆ. ಚೆಂಡೆಯಿಲ್ಲ, ನಾಗಸ್ವರವಿಲ್ಲ. ಸಿಂಥಸೈಜರ್ ಜೀರುಂಡೆಯಂತೆ ಚಿರಗುಟ್ಟುತ್ತದೆ. ಕೆಳಗೆ ಒಂದೇ ಲಯ ಬಿಡದೆ ಸುತ್ತುತ್ತದೆ. ಮಲಬಾರಿನ ಸಂಗೀತ ಇದರಲ್ಲಿ ಎಳ್ಳಷ್ಟೂ ಇಲ್ಲ, ಆದರೆ ಜ್ವರ ಬಂದು ಹೋಟೆಲ್ ಕೋಣೆಯಲ್ಲಿ ಮಲಗಿದವನ ರಾತ್ರಿ ಪೂರ್ತಿ ಇದೆ. ಸಿತಾರ್ ಹಿಡಿದು ಜ್ಞಾನೋದಯ ಹುಡುಕಿದ ಪಾಶ್ಚಾತ್ಯ ರಾಕ್‌ನವರಿಗಿಂತ ಇದು ಎಷ್ಟೋ ಪ್ರಾಮಾಣಿಕ.

ತಂಡ 1983ರಲ್ಲಿ ಚದುರಿತು. ಅದೇ ವರ್ಷ ಗಾಯಕಿ ಸೆಯಿಕೊ ಮತ್ಸುದಾಗೆ ಹೊಸೊನೊ ಮಾಡಿಕೊಟ್ಟ ಹಾಡು ಜಪಾನಿನ ಜನಪ್ರಿಯ ಹಾಡುಗಳ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಮರುವರ್ಷ ನಾಮ್ಕೊ ಕಂಪನಿಯ ಆಟಗಳ ಸದ್ದನ್ನೇ ಸಂಗೀತವೆಂದು ಗೌರವಿಸಿ ‘ವಿಡಿಯೋ ಗೇಮ್ ಮ್ಯೂಸಿಕ್’ ಆಲ್ಬಂ ತಂದರು. ಪ್ಯಾಕ್‌ಮ್ಯಾನ್‌ಗೆ ಗ್ರಾಮಫೋನ್ ತಟ್ಟೆಯ ಮರ್ಯಾದೆ!

1984ರಲ್ಲೇ ಜಪಾನಿನ ಮುಜಿ ಅಂಗಡಿಗಳಿಗಾಗಿ ಮಾಡಿದ ಕ್ಯಾಸೆಟ್ ‘ವಾಟರಿಂಗ್ ಎ ಫ್ಲವರ್’. ಗಿರಾಕಿ ನಿಂತು ಕೇಳಬೇಕೆಂಬ ಹಟ ಅದಕ್ಕಿಲ್ಲ. ಕೆಲವೇ ಸ್ವರಗಳು ಮರುಕಳಿಸುತ್ತವೆ, ಪ್ರತಿ ಸಲವೂ ತುಸು ಬೇರೆ ಜಾಗದಲ್ಲಿ ಕೂರುತ್ತವೆ. 35 ವರ್ಷಗಳ ನಂತರ ಅಮೆರಿಕದ ವ್ಯಾಂಪೈರ್ ವೀಕೆಂಡ್ ತಂಡ ಇದರ ತುಣುಕೊಂದನ್ನು ಎತ್ತಿಕೊಂಡು ‘2021’ ಎಂಬ ಹಾಡು ಕಟ್ಟಿತು. ಜಪಾನಿನ ಪರಿಸರ (ಆಂಬಿಯೆಂಟ್) ಸಂಗೀತದ ಬಗ್ಗೆ ಈಗ ಹೊರಗೆ ಎದ್ದಿರುವ ಮೋಹದಲ್ಲಿ ನನಗೆ ಹೊಸ ಎಕ್ಸಾಟಿಕಾದ ವಾಸನೆಯೇ ಬಡಿಯುತ್ತದೆ: ಶಾಂತ, ಶುಭ್ರ, ಎಲ್ಲೂ ಇಲ್ಲದ ಜಪಾನ್. ಇದನ್ನು ಕಂಡು ಹೊಸೊನೊ ಅವರಿಗೆ ನಗು ಬಂದರೆ ಆಶ್ಚರ್ಯವಿಲ್ಲ.

ಎಲ್ಲವೂ ಒಂದೇ ತೂಕದ್ದಲ್ಲ. 1985ರ ‘ಮರ್ಕ್ಯುರಿಕ್ ಡಾನ್ಸ್’ ಆಲ್ಬಂ ಧ್ಯಾನದ ಹೆಸರಿನಲ್ಲಿ ತೂಕಡಿಸುತ್ತದೆ. ಅದೇ ವರ್ಷದ ‘ನೈಟ್ ಆನ್ ದಿ ಗ್ಯಾಲಕ್ಟಿಕ್ ರೈಲ್‌ರೋಡ್’ ಸಿನಿಮಾದ ಸಂಗೀತದಲ್ಲಿ, ಕತೆಯೊಂದು ಬೆನ್ನಿಗಿದ್ದುದರಿಂದ, ಅದೇ ಮಂದಗತಿಗೆ ದುಃಖದ ಭಾರ ಸಿಕ್ಕಿತು. ಆತುಕೊಳ್ಳಲು ಊರೋ ಕತೆಯೋ ಅಂಗಡಿಯೋ ಇದ್ದರೆ ಹೊಸೊನೊ ಗಟ್ಟಿ. ಬರೀ ಶೂನ್ಯ ಕೊಟ್ಟರೆ ಸಡಿಲ. ನಿರ್ದೇಶಕ ಕೊರೆಎಡಾ ಅವರ ‘ಶಾಪ್‌ಲಿಫ್ಟರ್ಸ್’ (2018) ಸಿನಿಮಾಕ್ಕೆ ಕೊಟ್ಟ ಸಂಗೀತವೂ ಇದನ್ನೇ ಹೇಳುತ್ತದೆ.

2019ರಲ್ಲಿ ಅವರು ‘ಹೊಸೊನೊ ಹೌಸ್’ ಅನ್ನು ಒಬ್ಬರೇ ಮತ್ತೆ ಮಾಡಿದರು. ಹಾಡುಗಳ ಕ್ರಮ ತಲೆಕೆಳಗು, ಹೆಸರು ‘ಹೊಚೊನೊ ಹೌಸ್’. ಮೂಲದ ಗಿಟಾರ್ ಬೆಚ್ಚಗಿತ್ತು. ಇಲ್ಲಿ ಯಂತ್ರಗಳ ಸದ್ದು ಒಣಗಿದೆ, ದನಿಯೂ ವಯಸ್ಸಾಗಿ ಕೆಳಗಿಳಿದಿದೆ. ಹಳೆಯದರ ಅಭಿಮಾನಿಗಳಿಗೆ ಇದು ರುಚಿಸದೆ ಹೋಗಬಹುದು. ನನಗಂತೂ ಎರಡರಲ್ಲಿ ಇದೇ ಹೆಚ್ಚು ಮೊಂಡು, ಹೆಚ್ಚು ತಮಾಷೆ.