ಸೂರ್ಯನನ್ನು ಅಣ್ಣ ಎನ್ನುವುದು ಸುಲಭ

ಅಸ್ಸಿಸಿಯ ಫ್ರಾನ್ಸಿಸನ ‘ಸೃಷ್ಟಿಗೀತೆ’ಯನ್ನು ಕನ್ನಡಕ್ಕೆ ತರಲು ಕೂತಾಗ ಮೊದಲ ತೊಡಕು ಎದುರಾದದ್ದು ಸೂರ್ಯನ ಹತ್ತಿರವೇ. 1225ರ ಸುಮಾರಿಗೆ, ಇಟಲಿಯ ಉಂಬ್ರಿಯಾದ ಆಡುನುಡಿಯಲ್ಲಿ ಹುಟ್ಟಿದ ಈ ಪದ್ಯದಲ್ಲಿ ಸೂರ್ಯ, ಗಾಳಿ, ಬೆಂಕಿ ಸೋದರರು; ಚಂದ್ರ, ನಕ್ಷತ್ರ, ನೀರು ಸೋದರಿಯರು; ಭೂಮಿ ಸೋದರಿಯೂ ಹೌದು, ತಾಯಿಯೂ ಹೌದು. ಅಲ್ಲಿನ ‘ಫ್ರಾತೆ’ ಎಂಬ ಪದಕ್ಕೆ ಹಿರಿಯ-ಕಿರಿಯ ಎಂಬ ಭೇದವಿಲ್ಲ. ಕನ್ನಡದಲ್ಲಿ ಅಣ್ಣನೋ ತಮ್ಮನೋ ಎಂದು ತೀರ್ಮಾನಿಸಲೇಬೇಕು. ‘ಸಹೋದರ’ ಎಂದರೆ ಭಾಷಣದ ವಾಸನೆ ಬರುತ್ತದೆ. ಸೃಷ್ಟಿಯಲ್ಲಿ ‘ಒಡೆಯ’ ಎಂಬ ಗೌರವದ ಮಾತು ಸೂರ್ಯನೊಬ್ಬನಿಗೇ ಸಂದಿದೆಯಾದ್ದರಿಂದ ‘ಅಣ್ಣ’ ಎಂದು ಬರೆದೆ. ಬರೆದವನ ಕೈ ಅಲ್ಲೇ ನಿಂತಿತು. ಮನೆ ಪಾಲಾದ ಮೇಲೆ ನನ್ನ ಸ್ವಂತ ಅಣ್ಣನ ಜೊತೆ ನಾನು ಮಾತಾಡಿ ಮೂರು ವರ್ಷವಾಗಿತ್ತು.

ಈ ಪದ್ಯವನ್ನು ನಾವು ಸಾಮಾನ್ಯವಾಗಿ ಪ್ರಕೃತಿಗೀತೆಯೆಂದು ಓದುತ್ತೇವೆ. ಪೋಪ್ ಫ್ರಾನ್ಸಿಸ್ 2015ರಲ್ಲಿ ಪರಿಸರ ಕುರಿತು ಹೊರಡಿಸಿದ ಪತ್ರಕ್ಕೆ ಹೆಸರು ಬಂದದ್ದೂ ಇದರಿಂದಲೇ. ಆ ಓದು ತಪ್ಪಲ್ಲ, ಆದರೆ ಸಾಲದು. ಪದ್ಯ ಕಟ್ಟುವಾಗ ಫ್ರಾನ್ಸಿಸ್ ಕಣ್ಣುಬೇನೆಯಿಂದ ನರಳುತ್ತ ಸಾನ್ ದಾಮಿಯಾನೋದಲ್ಲಿ ಮಲಗಿದ್ದ. ಹಗಲ ಬೆಳಕನ್ನೂ ತಾಳಲಾರದಾಗಿದ್ದ ಎಂದು ಸಂಗಡಿಗರ ನೆನಪುಗಳು ಹೇಳುತ್ತವೆ. ಅವನು ಹೊಗಳಿದ್ದು ತನ್ನ ಕಣ್ಣನ್ನು ಚುಚ್ಚುತ್ತಿದ್ದ ಸೂರ್ಯನನ್ನು. ಇದು ಕಿಟಕಿಯಾಚೆಯ ಸೊಬಗನ್ನು ಕಂಡು ಹಾಡಿದ ಪದ್ಯವಲ್ಲ.

ಆಮೇಲೆ ಸೇರಿದ ಕ್ಷಮೆಯ ಚರಣದ್ದು ಇನ್ನೊಂದು ಕಥೆ. ಅಸ್ಸಿಸಿಯ ಬಿಷಪ್ಪನಿಗೂ ನಗರಾಧಿಕಾರಿಗೂ ಜಗಳ. ಒಬ್ಬ ಬಹಿಷ್ಕಾರ ಹಾಕಿದ. ಇನ್ನೊಬ್ಬ ಬಿಷಪ್ಪನೊಡನೆ ಯಾರೂ ಕೊಡು-ಕೊಳ್ಳುವಿಕೆ ಮಾಡಕೂಡದೆಂದು ಸಾರಿಸಿದ. ಹಾಸಿಗೆ ಹಿಡಿದಿದ್ದ ಫ್ರಾನ್ಸಿಸ್ ಕ್ಷಮಿಸುವವರನ್ನು ಕುರಿತ ಚರಣವೊಂದನ್ನು ಸೇರಿಸಿ, ಇಬ್ಬರ ಎದುರಿಗೂ ಹಾಡಿಬನ್ನಿ ಎಂದು ಸಂಗಡಿಗರನ್ನು ಕಳಿಸಿದ. ಜಗಳ ತೀರಿತಂತೆ.

ಈ ಚರಣ ತೇಪೆ ಹಾಕಿದಂತಿದೆ ಎಂದು ನನಗೆ ಮೊದಲು ಅನಿಸುತ್ತಿತ್ತು. ಗಾಳಿ, ನೀರು, ಬೆಂಕಿಯ ನಡುವೆ ಊರಿನ ರಾಜಕೀಯವೇಕೆ? ಅನುವಾದಿಸುವಾಗ ಒಂದು ಸಂಗತಿ ಕಣ್ಣಿಗೆ ಬಿತ್ತು: ಬೆಂಕಿಯನ್ನು, ಕೊನೆಗೆ 1226ರಲ್ಲಿ ಸಾವು ಹತ್ತಿರವಾದಾಗ ಸಾವನ್ನೂ ಬಂಧುವಾಗಿಸಿಕೊಂಡ ಈ ಪದ್ಯ ಮನುಷ್ಯನನ್ನು ಮಾತ್ರ ಎಲ್ಲೂ ಸೋದರ ಎಂದು ಕರೆಯುವುದಿಲ್ಲ. ಮನುಷ್ಯರು ಅಲ್ಲಿ ಬರುವುದು ಕ್ಷಮಿಸುವವರಾಗಿ, ನೋವು ಸಹಿಸುವವರಾಗಿ. ಸೂರ್ಯ ಇದ್ದಂತೆಯೇ ಬಂಧು. ಮನುಷ್ಯ ಏನಾದರೂ ಮಾಡಿ ಆ ಸಾಲಿಗೆ ಸೇರಬೇಕು. ನನ್ನ ಮಟ್ಟಿಗೆ ಈ ಚರಣವೇ ಪದ್ಯದ ಒರೆಗಲ್ಲು.

ಫ್ರಾನ್ಸಿಸನ ದಾರಿ ಎಂದರೆ ಇಂದು ನಮಗೆ ಹಕ್ಕಿಗೆ ನೀರಿಡುವುದು, ಬಟ್ಟೆಬರೆ ಕಡಿಮೆ ಮಾಡಿಕೊಳ್ಳುವುದು. ಅವೂ ಬೇಕು. ಆದರೆ ಹಕ್ಕಿ ನಮ್ಮ ಮೇಲೆ ಕೋರ್ಟಿಗೆ ಹೋಗುವುದಿಲ್ಲ. ಬಸ್ಸಿನ ಕಂಡಕ್ಟರನ್ನೂ ಸಲೀಸಾಗಿ ‘ಅಣ್ಣಾ’ ಎನ್ನುವ ಭಾಷೆ ನಮ್ಮದು. ಆ ಪದ ಭಾರವಾಗುವುದು ಒಂದೇ ಮನೆಯೊಳಗೆ.

ಕಳೆದ ಭಾನುವಾರ ಅಣ್ಣನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಅನುವಾದದಲ್ಲಿ ಆ ಪದವನ್ನು ‘ಸಹೋದರ’ ಎಂದು ಬದಲಿಸುವ ಆಸೆಯಾಯಿತು. ಬದಲಿಸಿಲ್ಲ. ಈ ಭಾನುವಾರ ಮತ್ತೆ ಮಾಡುತ್ತೇನೆ.