ರಜಾಪಟ್ಟಿಗೆ ಮತ್ತೊಂದು ಹಬ್ಬ

ಧಾರ್ಮಿಕ ಹಬ್ಬವೊಂದನ್ನು ಸಾರ್ವತ್ರಿಕ ರಜೆಯ ಪಟ್ಟಿಗೆ ಸೇರಿಸಬೇಕೆಂಬ ಬೇಡಿಕೆ ಎದ್ದಾಗಲೆಲ್ಲ ಚರ್ಚೆ ಎರಡೇ ಜಾಡಿನಲ್ಲಿ ಸಾಗುತ್ತದೆ: ಒಂದು ಕಡೆಯವರು ತಮ್ಮ ಸಮುದಾಯಕ್ಕೆ ಸಲ್ಲಬೇಕಾದ ಮನ್ನಣೆಯ ಮಾತನಾಡಿದರೆ, ಇನ್ನೊಂದು ಕಡೆಯವರು ಕೆಲಸದ ದಿನಗಳು ಕರಗುತ್ತಿರುವ ಲೆಕ್ಕ ಹೇಳುತ್ತಾರೆ. ರಜೆಯೆಂಬುದು ಎಲ್ಲರಿಗೂ ಒಂದೇ ಬಗೆಯಲ್ಲಿ ದೊರೆಯುತ್ತದೆ ಎಂಬ ಭಾವನೆ ಈ ಎರಡೂ ವಾದಗಳ ಹಿಂದಿದೆ. ಆದರೆ ಭಾರತದ ರಜಾ ವ್ಯವಸ್ಥೆಯನ್ನು, ಅದರಲ್ಲೂ ಕರ್ನಾಟಕ ಸರ್ಕಾರ ವರ್ಷವರ್ಷವೂ ಹೊರಡಿಸುವ ಅಧಿಸೂಚನೆಯನ್ನು ಅಡಿಟಿಪ್ಪಣಿಗಳ ಸಮೇತ ಓದಿದರೆ ಈ ಭಾವನೆ ನಿಲ್ಲುವುದಿಲ್ಲ.

ಸಾರ್ವತ್ರಿಕ ರಜೆಯ ಕಾನೂನಿನ ಬೇರು ಭಕ್ತಿಯಲ್ಲಿಲ್ಲ, ವ್ಯಾಪಾರದಲ್ಲಿದೆ. ಚೆಕ್ಕು, ಹುಂಡಿ, ಪ್ರಾಮಿಸರಿ ನೋಟುಗಳ ವ್ಯವಹಾರವನ್ನು ನಿಯಂತ್ರಿಸುವ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 25ನೆಯ ಪ್ರಕರಣ, ಹಣ ಪಾವತಿಯ ಗಡುವು ರಜೆಯ ದಿನ ಬಿದ್ದರೆ ಹಿಂದಿನ ಕೆಲಸದ ದಿನವೇ ಗಡುವೆಂದು ವಿಧಿಸುವಾಗ, ಯಾವುದು ಸಾರ್ವತ್ರಿಕ ರಜೆ ಎಂಬುದನ್ನು ವಿವರಿಸಬೇಕಾಯಿತು. ರಜೆ ಘೋಷಿಸುವ ಈ ಅಧಿಕಾರವನ್ನು ಕೇಂದ್ರ ಸರ್ಕಾರ 1957ರಲ್ಲಿ ರಾಜ್ಯಗಳಿಗೂ ವಹಿಸಿಕೊಟ್ಟಿತು. ಸಾಲಪತ್ರದ ಗಡುವಿಗಾಗಿ ಹುಟ್ಟಿದ ನಿಯಮವೊಂದು ಸಮುದಾಯಗಳ ಗೌರವವನ್ನು ಅಳೆಯುವ ಕೋಲಾದದ್ದು ಆಮೇಲಿನ ರಾಜಕಾರಣದ ಫಲ. 1990ರ ಆಗಸ್ಟ್ 7ರಂದು ಮಂಡಲ್ ವರದಿಯ ಜಾರಿಯನ್ನು ಘೋಷಿಸಿದ್ದ ಪ್ರಧಾನಿ ವಿ.ಪಿ. ಸಿಂಗ್, ಎಂಟು ದಿನಗಳ ನಂತರ ಕೆಂಪುಕೋಟೆಯಿಂದ ಪ್ರವಾದಿ ಮಹಮ್ಮದರ ಜನ್ಮದಿನಕ್ಕೆ ರಜೆ ಘೋಷಿಸಿದಾಗ, ಅದನ್ನು ಯಾರೂ ಆಡಳಿತದ ಅನುಕೂಲದ ವಿಷಯವಾಗಿ ನೋಡಲಿಲ್ಲ.

ಕರ್ನಾಟಕದ ಅಧಿಸೂಚನೆಯಲ್ಲಿ ಎರಡು ಪಟ್ಟಿಗಳಿರುತ್ತವೆ. ಕಚೇರಿಯ ಬಾಗಿಲನ್ನೇ ಮುಚ್ಚಿಸುವ ಸಾರ್ವತ್ರಿಕ ರಜೆಗಳು ಮೊದಲನೆಯದರಲ್ಲಿವೆ. ಎರಡನೆಯದು, ನೌಕರರ ಬಾಯಲ್ಲಿ ‘ಆರ್‌ಎಚ್’ ಎಂದೇ ಬಳಕೆಯಲ್ಲಿರುವ ಪರಿಮಿತ ರಜೆಗಳದು, ಅಂದರೆ ಕಚೇರಿ ನಡೆಯುತ್ತಿರುವಾಗಲೇ ನೌಕರರು ತಮಗೆ ಬೇಕಾದ ಹಬ್ಬಕ್ಕೆ ವರ್ಷದಲ್ಲಿ ಎರಡು ದಿನಗಳ ಮಿತಿಯಲ್ಲಿ ಪಡೆಯಬಹುದಾದ ರಜೆಗಳದು. ಕೇಂದ್ರದ ಕಡ್ಡಾಯ ರಜೆಗಳಲ್ಲಿ ಸೇರಿರುವ ಬುದ್ಧ ಪೂರ್ಣಿಮೆ ಮತ್ತು ಗುರುನಾನಕ್ ಜಯಂತಿ ಇಲ್ಲಿ ಎರಡನೆಯ ಪಟ್ಟಿಯಲ್ಲಿವೆ. ಹಳೆ ಮೈಸೂರಿನ ಮನೆಮನೆಯಲ್ಲಿ ನಡೆಯುವ ವರಮಹಾಲಕ್ಷ್ಮೀ ವ್ರತವೂ ಅಲ್ಲಿಯೇ ಇದೆ. ಹೆಂಗಸರೇ ಮುಂದೆ ನಿಂತು ಮಾಡುವ ಹಬ್ಬವೊಂದು ಇಷ್ಟು ವ್ಯಾಪಕವಾಗಿದ್ದೂ ಮೊದಲ ಪಟ್ಟಿಗೆ ಬಾರದಿರುವುದು ಆಕಸ್ಮಿಕವೇ ಎಂದು ಕೇಳಬಹುದು. ಪಟ್ಟಿಗಳಿಗಿಂತ ಅಡಿಟಿಪ್ಪಣಿಗಳೇ ಹೆಚ್ಚು ವಿವೇಕದಿಂದ ರಚಿತವಾಗಿವೆ. ಕೈಲ್ ಮುಹೂರ್ತ, ತುಲಾ ಸಂಕ್ರಮಣ, ಹುತ್ತರಿ ಈ ಮೂರಕ್ಕೆ ಕೊಡಗು ಜಿಲ್ಲೆಯಲ್ಲಿ ಮಾತ್ರ ಸ್ಥಳೀಯ ರಜೆ. ಮುಸ್ಲಿಮರ ಹಬ್ಬಗಳು ಚಂದ್ರದರ್ಶನವನ್ನು ಅವಲಂಬಿಸಿರುವುದರಿಂದ, ಪ್ರಕಟಿಸಿದ ದಿನದಂದು ಹಬ್ಬ ಬೀಳದಿದ್ದರೆ ಆ ಸಮುದಾಯದ ನೌಕರರಿಗೆ ಅದರ ಬದಲು ಹಬ್ಬದ ದಿನವೇ ರಜೆ ಮಂಜೂರು ಮಾಡಬಹುದೆಂಬ ಸೂಚನೆಯೂ ಇದೆ. ಇಡೀ ರಾಜ್ಯದ ಕಚೇರಿಗಳನ್ನು ಮುಚ್ಚದೆಯೂ ಒಂದು ಜನಸಮುದಾಯದ ಹಬ್ಬಕ್ಕೆ ಗೌರವ ತೋರಬಹುದೆಂಬುದಕ್ಕೆ ಕೊಡಗಿನ ಆ ಒಂದು ಸಾಲು ಸಾಕು.

ಈ ವಿವೇಕವನ್ನು ತುದಿಯವರೆಗೆ ಎಳೆದ ಪ್ರಯತ್ನವೆಂದರೆ 2008ರಲ್ಲಿ ವರದಿ ನೀಡಿದ ಕೇಂದ್ರದ ಆರನೆಯ ವೇತನ ಆಯೋಗದ್ದು. ಗಣರಾಜ್ಯೋತ್ಸವ, ಸ್ವಾತಂತ್ರ್ಯ ದಿನ, ಗಾಂಧಿ ಜಯಂತಿ ಇವು ಮೂರನ್ನು ಉಳಿಸಿಕೊಂಡು ಮಿಕ್ಕೆಲ್ಲ ಗೆಜೆಟ್ ರಜೆಗಳನ್ನು ತೆಗೆದುಹಾಕಿ, ಅದಕ್ಕೆ ಬದಲಾಗಿ ಪರಿಮಿತ ರಜೆಗಳನ್ನು ಎರಡರಿಂದ ಎಂಟಕ್ಕೇರಿಸಬೇಕೆಂದು ಆಯೋಗ ಶಿಫಾರಸು ಮಾಡಿತು, ಸರ್ಕಾರ ಒಪ್ಪಲಿಲ್ಲ. ಮೇಲ್ನೋಟಕ್ಕೆ ಇದಕ್ಕಿಂತ ನಿಷ್ಪಕ್ಷಪಾತವಾದ ಸೂತ್ರ ಇನ್ನೊಂದಿಲ್ಲ: ಸರ್ಕಾರ ಯಾರ ಹಬ್ಬವನ್ನೂ ಆಯುವುದಿಲ್ಲ, ನೌಕರ ತನ್ನದನ್ನು ತಾನೇ ಆಯುತ್ತಾನೆ. ಆದರೆ ಹಬ್ಬವೆಂಬುದು ಒಬ್ಬನ ಬಿಡುವಲ್ಲ, ಹಲವರಿಗೆ ಒಟ್ಟಿಗೆ ದೊರೆಯುವ ಬಿಡುವು. ದೀಪಾವಳಿಯನ್ನು ಪಟ್ಟಿಯಿಂದ ತೆಗೆದರೂ ಅರ್ಧಕ್ಕಿಂತ ಹೆಚ್ಚು ಮಂದಿ ರಜೆ ಹಾಕಿ ಕಚೇರಿ ತಾನಾಗಿ ಖಾಲಿಯಾಗುತ್ತದೆ, ಶಾಲೆ ಪರೀಕ್ಷೆ ಇಡುವುದಿಲ್ಲ, ಸಭೆಗಳು ಮುಂದಕ್ಕೆ ಹೋಗುತ್ತವೆ. ಬಕ್ರೀದಿಗೋ ಗುಡ್ ಫ್ರೈಡೆಗೋ ಈ ಅನುಕೂಲವಿಲ್ಲ. ತಂದೆಗೆ ರಜೆ ಸಿಕ್ಕ ದಿನವೇ ಮಗಳಿಗೆ ಪರೀಕ್ಷೆ ಬಿದ್ದಿರಬಹುದು. ಬಹುಸಂಖ್ಯಾತರ ಹಬ್ಬವನ್ನು ರೂಢಿಯೇ ಕಾಯುತ್ತದೆ, ಅಲ್ಪಸಂಖ್ಯಾತರ ಹಬ್ಬವನ್ನು ಕಾಯುವುದು ಅಧಿಸೂಚನೆಯೊಂದೇ. ಎಲ್ಲರಿಗೂ ಸಮಾನವಾಗಿ ಕಾಣುವ ಆಯೋಗದ ಸೂತ್ರ ಈ ಕಾರಣದಿಂದಲೇ ಚಿಕ್ಕ ಸಮುದಾಯಗಳ ಮೇಲೆ ಹೆಚ್ಚು ಭಾರ ಹೇರುತ್ತದೆ.

ಆದ್ದರಿಂದ ಹೊಸ ರಜೆಯ ಬೇಡಿಕೆಯನ್ನು ತೂಗುವಾಗ, ಆ ದಿನ ಕೆಲಸಕ್ಕೋ ಶಾಲೆಗೋ ಹೋಗಲೇಬೇಕಾಗಿ ಬಂದರೆ ಆಚರಣೆ ತಪ್ಪಿಹೋಗುವುದೇ ಎಂಬುದು ಮೊದಲ ಪ್ರಶ್ನೆಯಾಗಬೇಕು. ಬೆಳಗಿನ ಸಾಮೂಹಿಕ ನಮಾಜು ಇಂಥ ಆಚರಣೆ. ವೇದಿಕೆಯ ಭಾವಚಿತ್ರಕ್ಕೆ ಹೂಮಾಲೆ ಹಾಕಿ ನಾಲ್ಕು ಮಾತನಾಡುವ ಜಯಂತಿ ಅಂಥದ್ದಲ್ಲ, ಅದನ್ನು ಕಚೇರಿಯಲ್ಲಿಯೇ, ಶಾಲೆಯಲ್ಲಿಯೇ ಇನ್ನೂ ಚೆನ್ನಾಗಿ ಮಾಡಬಹುದು. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ನಡೆಸುವ ಹಲವು ಜಯಂತಿಗಳಿಗೆ ರಜೆಯಿಲ್ಲ, ಅದರಿಂದ ಯಾರ ಹಿರಿಮೆಯೂ ಕುಂದಿಲ್ಲ. ಈ ಅಳತೆಗೋಲು ಹೆಸರನ್ನು ನೋಡಿ ಬಳಸುವಂಥದ್ದಲ್ಲ: ಈದ್ ಮಿಲಾದ್, ಕ್ರಿಸ್‌ಮಸ್ ಎರಡೂ ಜನ್ಮದಿನಗಳೇ, ಬಸವ ಜಯಂತಿಯಾದರೋ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಎತ್ತುಗಳನ್ನು ಸಿಂಗರಿಸಿ ಮೆರವಣಿಗೆ ಮಾಡುವ ಹಬ್ಬವೂ ಹೌದು. 2017ರ ಏಪ್ರಿಲ್‌ನಲ್ಲಿ ಉತ್ತರ ಪ್ರದೇಶ ಸರ್ಕಾರ 15 ರಜೆಗಳನ್ನು ರದ್ದುಪಡಿಸಿ, ಆ ದಿನಗಳಂದು ಶಾಲೆಗಳಲ್ಲಿ ಮಹಾಪುರುಷರ ಬಗ್ಗೆ ತಿಳಿಹೇಳಬೇಕೆಂದದ್ದು ತತ್ತ್ವದಲ್ಲಿ ಸರಿ. ಆದರೆ ರಾಜಕೀಯ ನಾಯಕರ ಜನ್ಮದಿನಗಳ ಜೊತೆಗೆ ಈದ್ ಮಿಲಾದನ್ನೂ ಒಂದೇ ಕಟ್ಟಿನಲ್ಲಿ ಕಟ್ಟಿದ್ದರಿಂದ ಆ ಕ್ರಮ ತನ್ನ ನ್ಯಾಯವನ್ನು ತಾನೇ ದುರ್ಬಲಗೊಳಿಸಿಕೊಂಡಿತು.

ಪರವಿರೋಧದ ಇಬ್ಬರೂ ಮರೆಯುವ ಮೂರನೆಯವರು ಪಟ್ಟಿಯ ಹೊರಗಿದ್ದಾರೆ. ಪಹಣಿ ತಿದ್ದುಪಡಿಗೆಂದು ದಿನಗೂಲಿ ಬಿಟ್ಟು ತಾಲ್ಲೂಕು ಕಚೇರಿಗೆ ಬಂದು, ಬೀಗ ನೋಡಿ ಹಿಂದಿರುಗುವ ರೈತನಿಗೆ ಹೊಸ ರಜೆಯೆಂದರೆ ಇನ್ನೊಂದು ಬಸ್ ಚಾರ್ಜು. ಗಾರ್ಮೆಂಟ್ಸ್ ಕಾರ್ಮಿಕಳಿಗೆ ಸರ್ಕಾರಿ ನೌಕರರ ಪಟ್ಟಿ ಅನ್ವಯಿಸುವುದೇ ಇಲ್ಲ. 1963ರ ಕೈಗಾರಿಕಾ ಸಂಸ್ಥೆಗಳ ರಾಷ್ಟ್ರೀಯ ಹಾಗೂ ಹಬ್ಬದ ರಜೆಗಳ ಕಾಯ್ದೆಯಂತೆ ಆಕೆಗೆ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಮತ್ತು ಇನ್ನೈದು ಹಬ್ಬಗಳು, ಒಟ್ಟು 10 ದಿನ. ಮನೆಗೆಲಸದವರಿಗೂ ಕಟ್ಟಡ ಕೂಲಿಗಳಿಗೂ ಅಷ್ಟೂ ಖಾತ್ರಿಯಿಲ್ಲ. ಸಮುದಾಯದ ಮನ್ನಣೆಗಾಗಿ ನಡೆಯುವ ಹೋರಾಟದ ಫಲ ಆ ಸಮುದಾಯದ ಸರ್ಕಾರಿ ನೌಕರರಿಗೆ ಮುಟ್ಟುವಷ್ಟು ಸುಲಭವಾಗಿ ಅದೇ ಸಮುದಾಯದ ಕೂಲಿಯವರಿಗೆ ಮುಟ್ಟುವುದಿಲ್ಲ. ಮೊದಲ ಪಟ್ಟಿಗೆ ಹೆಸರು ಸೇರಿಸುವುದಕ್ಕಿಂತ, ಪರಿಮಿತ ರಜೆಯನ್ನು ಎರಡಕ್ಕಿಂತ ಹೆಚ್ಚಿಸಿ, ಆ ದಿನಗಳಂದು ಪರೀಕ್ಷೆ ಮತ್ತು ಸಂದರ್ಶನ ಇಡಬಾರದೆಂದು ಆದೇಶಿಸಿ, ಜಿಲ್ಲೆಗಳಿಗೆ ಕೊಡಗಿನಂತೆ ಸ್ಥಳೀಯ ರಜೆಯ ಅವಕಾಶ ಕೊಟ್ಟು, 1963ರ ಕಾಯ್ದೆಯ ಐದು ಹಬ್ಬಗಳನ್ನು ಏಳೆಂಟಕ್ಕೆ ಏರಿಸುವುದು ಹೆಚ್ಚು ನ್ಯಾಯವಾದ ಸುಧಾರಣೆ. ಹೊಸ ರಜೆಗಾಗಿ ಮನವಿ ಸಲ್ಲಿಸುವ ಸಂಘಟನೆಗಳು ಈ ನಾಲ್ಕನ್ನೂ ತಮ್ಮ ಬೇಡಿಕೆಯಲ್ಲಿ ಸೇರಿಸಿಕೊಳ್ಳಬೇಕು.